ಮಾತು ಬಿಟ್ಟವರ ತೋಟದಲ್ಲಿ ಕರಡಿ

ಹೆದರುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಗದಗಿನ ನಮ್ಮ ಓಣಿಯಲ್ಲಿ ಹಂದಿ ಎದುರಾದರೆ ಇನ್ನೊಂದು ಓಣಿ ಸುತ್ತಿ ಮನೆ ಸೇರುವವಳು ನಾನು. ಅಂಥವಳು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಯಾಕೆ ಸೇರಿದೆ ಎಂದು ಕೇಳಿದರೆ, ಪುಸ್ತಕದಲ್ಲಿ ಪ್ರಾಣಿಗಳು ಬಹಳ ಶಾಂತವಾಗಿರುತ್ತವೆ ಎಂದಷ್ಟೇ ಹೇಳಬಲ್ಲೆ. ಬೇಸಿಗೆ ರಜೆ ಹತ್ತಿರ ಬಂದಾಗ ನೀಲಗಿರಿಯಲ್ಲಿ ಕೆಲಸ ಮಾಡುವ ವನ್ಯಜೀವಿ ಸಂಸ್ಥೆಯೊಂದು ಕಾಲೇಜು ಹುಡುಗ ಹುಡುಗಿಯರನ್ನು ಇಂಟರ್ನ್‌ಶಿಪ್ಪಿಗೆ ಕರೆಯಿತು. ಇರಲು ಮನೆ, ಊಟ, ಮೇಲೆ ತಿಂಗಳ ಸಂಬಳ. ಗೆಳತಿಯ ಜೊತೆ ಹೋಗಬಹುದೆಂದು ನಾನೂ ಅರ್ಜಿ ಹಾಕಿದೆ. ಗೆಳತಿಗೆ ಸಿಗಲಿಲ್ಲ, ನನಗೆ ಸಿಕ್ಕಿತು.

"ಕಲಿಸೋರಿಗೆ ನಾವು ರೊಕ್ಕಾ ಕೊಡೂದು ಕೇಳೇನಿ," ಎಂದರು ಅಪ್ಪ. "ಕಲಿಯಾಕ ಬರೋರಿಗೆ ಅವರ ರೊಕ್ಕಾ ಕೊಡ್ತಾರಂದ್ರ ಅದರಾಗ ಏನೋ ಐತಿ."

"ಹುಲಿ ಮುಂದ ನಿಂದರಸ್ತಾರೇನ ಮತ್ತ?" ಎಂದಳು ಅವ್ವ.

ನಾನು ನಕ್ಕೆ. ಆ ನಗು ಬಂಡೀಪುರದವರೆಗೆ ಬಾಳಿಕೆ ಬಂತು.

ತೆಪ್ಪಕಾಡು

ಪರದೇಶ ಎನ್ನಲು ಪಾಸ್‌ಪೋರ್ಟ್ ಬೇಕೆಂದೇನಿಲ್ಲ. ಗಡಿಯ ಚೆಕ್‌ಪೋಸ್ಟ್ ದಾಟಿದ ಕೂಡಲೇ ಬೋರ್ಡುಗಳ ಅಕ್ಷರ ಬದಲಾಯಿತು, ಕಂಡಕ್ಟರ್ ಬೇರೆ ಭಾಷೆಯಲ್ಲಿ ಬೈಯತೊಡಗಿದರು, ಮರಗಳು ರಸ್ತೆಯ ಮೇಲೆ ಬಾಗಿ ಬಂದವು. ಬಯಲುಸೀಮೆಯಲ್ಲಿ ಮೈಲಿ ದೂರದಿಂದ ಬರುವ ಎತ್ತಿನಗಾಡಿಯೂ ಕಾಣುತ್ತದೆ. ಇಲ್ಲಿ ಕಿಟಕಿಯಿಂದ ಕೈ ಚಾಚಿದರೆ ಸಿಗುವ ಪೊದೆಯಲ್ಲಿ ಏನಿದೆ ಎಂಬುದೂ ಗೊತ್ತಾಗುವುದಿಲ್ಲ. ನನಗೆ ಮೊದಲು ಹೆದರಿಕೆಯಾದದ್ದು ಪ್ರಾಣಿಯನ್ನು ಕಂಡಲ್ಲ, ಕಾಣದಿರುವುದನ್ನು ಕಂಡು.

ತೆಪ್ಪಕಾಡು ಇನ್ನೇನು ಬಂತು ಎನ್ನುವಾಗ ಬಸ್ಸು ನಿಂತಿತು. ರಸ್ತೆಯ ಮಗ್ಗುಲಿಗೇ ಆನೆ, ಅದರ ಹೊಟ್ಟೆಯ ಕೆಳಗೆ ಮರಿ. ನಾನು ಕಿರುಚಲೆಂದು ಬಾಯಿ ತೆರೆದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, ಗುರುತಿಲ್ಲ ಪರಿಚಯವಿಲ್ಲ, ತನ್ನ ಅಂಗೈಯನ್ನು ನನ್ನ ಬಾಯಿಗೆ ಒತ್ತಿ ಹಿಡಿದರು. ಆ ಕೈಯಿಂದ ಕರಿಬೇವಿನ ವಾಸನೆ ಬರುತ್ತಿತ್ತು.

"ಸತ್ತಮ್ ಪೋಡಾದೀಂಗ," ಎಂದು ಕಿವಿಯಲ್ಲಿ ಉಸುರಿದರು. ಸದ್ದು ಮಾಡಬೇಡಿ ಎಂಬುದು ನನಗೆ ತಿಳಿದ ಮೊದಲ ತಮಿಳು.

ಬಸ್ಸಿಗೆ ಬಸ್ಸೇ ಉಸಿರು ಬಿಗಿಹಿಡಿದು ಕುಳಿತಿತು. ಆನೆ ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮರಿಯನ್ನು ನೂಕಿಕೊಂಡು ಒಳಗೆ ಹೋಯಿತು. ನಮ್ಮ ಕಡೆ ಬಸ್ಸಿನಲ್ಲಿ ಹೀಗೆ ಎಲ್ಲರೂ ಒಮ್ಮೆಲೇ ಸುಮ್ಮನಾದದ್ದನ್ನು ನಾನು ಕಂಡಿಲ್ಲ, ಟಿಕೆಟ್ ತಪಾಸಣೆಗೆ ಬಂದಾಗ ಕೂಡ.

ಮಸಿನಗುಡಿ

ಮೊದಲ ವಾರ ಮಸಿನಗುಡಿಯಲ್ಲಿ ತರಬೇತಿ. ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಸೋಫಿ ಮೇಡಂ, ಗೂಡಲೂರಿನವರು. ಮಲಯಾಳ, ತಮಿಳು, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಬಡಿಸುತ್ತಿದ್ದರು. "ಮೋಳೆ, ಕಾಡಲ್ಲಿ ಬಾಯಿ ಮುಚ್ಚಬೇಕು, ಕಣ್ಣು ತೆಗೀಬೇಕು, ಅಷ್ಟೇ," ಎಂಬುದು ಅವರ ಪಾಠದ ಸಾರ. ಮೋಳೆ ಎಂದರೆ ಮಲಯಾಳದಲ್ಲಿ ಮಗಳೇ. ಒಣಗಿದ ಎಲೆಯ ಮೇಲೆ ಕಾಲಿಡುವುದು ಹೇಗೆ, ಕೆಮ್ಮು ಬಂದರೆ ಮೊಣಕೈಯಲ್ಲಿ ನುಂಗುವುದು ಹೇಗೆ ಎಂದೆಲ್ಲ ಕಲಿಸಿದರು.

ಮೌನದಲ್ಲಿ ಇಡೀ ತಂಡಕ್ಕೆ ನಾನೇ ಮೊದಲಿಗಳು. ಕಾರಣ ಸುಲಭ: ಹೆದರಿದರೆ ನನ್ನ ಬಾಯಿ ತಾನಾಗಿ ಅಂಟಿಕೊಳ್ಳುತ್ತದೆ. ಬಸ್ಸಿನಲ್ಲಿ ಕಿರುಚಲು ಹೋದದ್ದೇ ಕೊನೆ. ಆಮೇಲೆ ಅಲ್ಲಿ ಒಂದು ಕಾಡುಕೋಣದ ಗೊರಸಿನ ಗುರುತು ಕಂಡರೂ ನನ್ನ ನಾಲಿಗೆ ಒಣಗಿ ಹಲಗೆಯಾಗುತ್ತಿತ್ತು. ಜೊತೆಯ ಹುಡುಗರು ಇದನ್ನು ಶಿಸ್ತು ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ವಾರದ ಕೊನೆಗೆ ಯಾರು ಎಲ್ಲಿಗೆ ಎಂದು ಹಂಚುವ ದಿನ ಬಂತು. ಆನೆ ಬೇಡ, ಹುಲಿ ಬೇಡ, ಟೀ ತೋಟದ ಕೆಲಸ ಏನಾದರೂ ಇದ್ದರೆ ಕೊಡಿ ಎಂದು ನಾನೇ ಹೋಗಿ ಕೇಳಿಕೊಂಡೆ. ಟೀ ತೋಟವೆಂದರೆ ಕ್ಯಾಲೆಂಡರಿನಲ್ಲಿ ಕಂಡ ಹಸಿರು ಮೆಟ್ಟಿಲು ಎಂದುಕೊಂಡಿದ್ದೆ.

ಸೋಫಿ ಮೇಡಂ ಕನ್ನಡಕ ತೆಗೆದು ಒರೆಸಿದರು. "ಕುಂದಾ ಕಡೆ ಒಂದು ಹಟ್ಟಿ ಉಂಟು. ಚಿಕ್ಕ ತೋಟದವರು. ನೀನು ಮನೆ ಮನೆಗೆ ಹೋಗಿ ಕೇಳಬೇಕು, ಎಲ್ಲಿ ಕಂಡಿತು, ಯಾವಾಗ ಕಂಡಿತು, ಏನು ತಿಂದು ಹೋಯ್ತು ಅಂತ."

"ಏನು ಕಂಡಿತು ಅಂತ ಮೇಡಂ?"

"ಕರಡಿ ಮಾತ್ರ, ಮೋಳೆ," ಎಂದರು. ಆ 'ಮಾತ್ರ' ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಮಂಜೂರು ಬಸ್ಸು

ಕಲ್ಲಟ್ಟಿಯ ತಿರುವುಗಳಲ್ಲಿ ಹೊಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಊಟಿ ಸೇರಿದೆ. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕರ್ನಾಟಕದವರೇ ಕಿಕ್ಕಿರಿದಿದ್ದರು, ಮಂಕಿಟೋಪಿ ಹಾಕಿಕೊಂಡು, ಚಾಕೊಲೇಟ್ ಮತ್ತು ವರ್ಕಿ ಬಿಸ್ಕತ್ತಿನ ಪೊಟ್ಟಣ ಹಿಡಿದು. ಹುಬ್ಬಳ್ಳಿ ಕಡೆಯ ಮಾತು ಕಿವಿಗೆ ಬಿದ್ದು ಅವರ ಹಿಂದೆಯೇ ಹೋಗಿಬಿಡೋಣವೆನ್ನಿಸಿತು. ಅವರೆಲ್ಲ ದೋಣಿವಿಹಾರಕ್ಕೆ, ನಾನು ಕರಡಿಗೆ. ಕಣ್ಣೀರು ಬಂದದ್ದು ನಿಜ, ಚಳಿಗೆಂದು ಒರೆಸಿಕೊಂಡೆ.

ಮಂಜೂರಿಗೆ ಹೋಗುವ ಬಸ್ಸಿನಲ್ಲಿ ಪ್ರವಾಸಿಗರು ಯಾರೂ ಇರಲಿಲ್ಲ. ಕ್ಯಾರೆಟ್ ಮೂಟೆ, ಗೊಬ್ಬರದ ಚೀಲ, ಬಿಳಿ ವಸ್ತ್ರ ಹೊದ್ದ ಅಜ್ಜಿಯರು. ಇತ್ತಲಾರ್ ದಾಟುವಾಗ ಮೋಡ ಬಸ್ಸಿನೊಳಗೇ ಬಂದು ಕುಳಿತಿತು. ನಮ್ಮಲ್ಲಿ ಅಪರಿಚಿತರನ್ನು ಕಂಡರೆ ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಾರೆ. ಇಲ್ಲಿ ಮುಂದಿನ ಸೀಟಿನ ಅಜ್ಜಿ ಮೊದಲು ನನ್ನ ಕೈ ಮುಟ್ಟಿ ನೋಡಿದರು, ತಣ್ಣಗಿದೆಯೆಂದು ತಮ್ಮ ಹೊದಿಕೆಯ ಒಂದು ತುದಿಯನ್ನು ನನ್ನ ಮೇಲೆ ಎಸೆದರು, ಆಮೇಲೆ ಊರು ಕೇಳಿದರು. ಅವರಾಡುವ ಬಡಗ ಭಾಷೆ ನಮ್ಮ ಕನ್ನಡಕ್ಕೆ ಅಜ್ಜಿಯೇ ಆಗಬೇಕು. ಅರ್ಧ ತಿಳಿಯುತ್ತದೆ, ಉಳಿದರ್ಧ ಬೆಚ್ಚಗಿರುತ್ತದೆ. ಮುಂದೆ ಬರುವ ಅಲ್ಲಿಯವರ ಮಾತನ್ನು ನನ್ನ ಕಿವಿ ಹಿಡಿದಷ್ಟು, ಕನ್ನಡಕ್ಕೆ ಹತ್ತಿರ ಮಾಡಿ ಬರೆದಿದ್ದೇನೆ.

ಹಟ್ಟಿಗೆ ಹೋಗುತ್ತೇನೆ ಎಂದಾಗ ಅಜ್ಜಿ ನನ್ನ ತಲೆಯತ್ತ ನೋಡಿದರು. ಅವ್ವ ಕಟ್ಟಿ ಕಳಿಸಿದ ಕೊಬ್ಬರಿ ಎಣ್ಣೆಯನ್ನು ಜಡೆಯಿಂದ ಇಳಿಯುವಷ್ಟು ಹಚ್ಚಿಕೊಂಡಿದ್ದೆ. "ಎಣ್ಣೆ ಬೇಡ ಕೂಸೆ," ಎಂದರು. "ಕರಡಿಗ ಎಣ್ಣೆ ಅಂದರೆ ಪ್ರಾಣ. ದೇವರ ಗುಡಿಯ ಬಾಗಿಲು ಮುರಿದು ದೀಪದ ಎಣ್ಣೆ ನೆಕ್ಕಿ ಹೋಗಿದೆ." ಉಳಿದ ದಾರಿಯುದ್ದಕ್ಕೂ ನಾನು ಟವೆಲ್ಲಿನಿಂದ ತಲೆ ಉಜ್ಜುತ್ತಲೇ ಇದ್ದೆ.

ಹಟ್ಟಿ

ನನ್ನನ್ನು ಇಟ್ಟುಕೊಂಡವರು ಮಾದಿಯಮ್ಮ. ಎತ್ತರದ ಹೆಂಗಸು, ಮಾತು ಕಡಿಮೆ. ಬಾಗಿ ನಮಸ್ಕರಿಸಿದರೆ ತಲೆಯ ಮೇಲೆ ಕೈಯಿಟ್ಟು ಹರಸಿದರು. ಅವರ ಗಂಡ ಹಾಲಣ್ಣ, ಅರವಂಕಾಡಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಹೆಂಡತಿ ಆಡದ ಮಾತನ್ನೆಲ್ಲ ಇವರೇ ಆಡಿ ಮುಗಿಸುತ್ತಿದ್ದರು. ಸಾಲಾಗಿ ಅಂಟಿಕೊಂಡ ಮನೆಗಳು. ಪಕ್ಕದ್ದೇ ಹಾಲಣ್ಣನ ತಮ್ಮನ ಮನೆ. ತಮ್ಮ ಕೊಯಮತ್ತೂರಿನಲ್ಲಿ ಲಾರಿ ಓಡಿಸುತ್ತಾನೆ, ಇಲ್ಲಿರುವುದು ಅವನ ಹೆಂಡತಿ ಗಂಗೆ.

ಹಾಲಣ್ಣ ಮೊದಲ ದಿನವೇ ನನ್ನ ತರಬೇತಿಯನ್ನು ತಲೆಕೆಳಗು ಮಾಡಿದರು. ನಾನು ಬೆಕ್ಕಿನ ಹೆಜ್ಜೆಯಲ್ಲಿ ತೋಟದ ಕಡೆ ಹೊರಟದ್ದನ್ನು ಕಂಡು, "ಎಲ್ಲಿ ಕಳ್ಳತನಕ್ಕ ಹೋಗುತ್ತಿಯೆ?" ಎಂದು ಕೇಳಿದರು. ಸದ್ದು ಮಾಡಬಾರದೆಂದು ಕಲಿಸಿದ್ದಾರೆ ಎಂದೆ.

"ಅದು ಆನೆಗ. ಕರಡಿಗ ಕಣ್ಣು ಮಂದ, ಅದು ತಲೆ ಬಗ್ಗಿಸಿ ಗೆದ್ದಲು ಹುಡುಕಿಕೊಂಡೇ ಬರುವದು. ಸುಮ್ಮನೆ ಹೋದರೆ ಮೈಮೇಲೆ ಹೋಗಿ ಬಿದ್ದ ಹಾಗೆ. ಆಗ ಅದು ಅಂಜುವದು. ಅಂಜಿದ ಕರಡಿ ಮುಖಕ್ಕೇ ಕೈ ಹಾಕುವದು." ತಮ್ಮ ಕೆನ್ನೆಯ ಮೇಲೆ ಐದೂ ಬೆರಳು ಎಳೆದು ತೋರಿಸಿದರು. "ತೋಟದಲ್ಲಿ ಮಾತಾಡಿಕೊಂಡೇ ಇರಬೇಕು. ಅದು ಕೇಳಿ ದೂರ ಹೋಗುವದು."

ಸಂಜೆ ಸೋಫಿ ಮೇಡಂಗೆ ಫೋನ್ ಮಾಡಿದೆ. "ಸರಿಯೇ ಹೇಳಿದ್ದಾರೆ," ಎಂದರು. "ಈಗ ಬೆನ್ನ ಮೇಲೆ ಮರಿ ಇರುವ ಕಾಲ, ಇನ್ನೂ ಜಾಗ್ರತೆ." ಹಾಗಾದರೆ ಒಂದು ವಾರ ನನಗೆ ಕಲಿಸಿದ ಮೌನ? "ಅದು ಆ ಕಾಡಿಗೆ, ಮೋಳೆ." ಒಂದೇ ಜಿಲ್ಲೆಯಲ್ಲಿ ಬದುಕುಳಿಯಲು ಎರಡು ವಿರುದ್ಧ ನಿಯಮ. ಹಾಲಣ್ಣನವರನ್ನು ನಾಳೆ ನನ್ನ ಜೊತೆ ಬನ್ನಿ ಎಂದು ಕರೆದೆ. ಅವರಿಗೆ ಆ ಕ್ಷಣವೇ ಮಂಡಿನೋವು ಶುರುವಾಯಿತು.

ಪಕ್ಕದ ಹಟ್ಟಿಯಲ್ಲಿ ಕರಡಿ ಕೈ ಹಾಕಿದ ಮುಖವೊಂದನ್ನು ನಾನು ಕಂಡೆ. ಹಿಂದಿನ ವರ್ಷ ಹುಲ್ಲು ಕೊಯ್ಯಲು ಹೋದವರು. ಒಂದು ಕಣ್ಣಿನ ಕೆಳಗೆ ಮುಖವೇ ಬೇರೆ ಕಡೆಗೆ ಎಳೆದುಕೊಂಡಿತ್ತು. ನಾನು ಬರೆದುಕೊಳ್ಳಲು ಕುಳಿತರೆ ಕೈ ಓಡಲಿಲ್ಲ. ಅವರು ನನಗೆ ಟೀ ತರಿಸಿ, ತಾವು ಮಾತ್ರ ಗೋಡೆಯತ್ತ ತಿರುಗಿ ಕುಡಿದರು.

ತೋಟ

ಎರಡು ಮನೆಗಳ ತೋಟವೂ ಒಂದೇ ಇಳಿಜಾರಿನಲ್ಲಿ. ಮೇಲಿನ ಸಾಲುಗಳು ಮಾದಿಯಮ್ಮನವು, ಕೆಳಗಿನವು ಗಂಗೆಯವು. ಅದಕ್ಕೂ ಕೆಳಗೆ ಯಾರೋ ಕೈಬಿಟ್ಟ ತೋಟ. ಟೀ ಗಿಡಗಳು ಮರವಾಗಿ, ಅವುಗಳ ಮೇಲೆ ಮುಳ್ಳುಬಳ್ಳಿ ಹಬ್ಬಿ, ಹಗಲಲ್ಲೂ ಒಳಗೆ ಕತ್ತಲು. ಕರಡಿ ಇದ್ದದ್ದು ಅಲ್ಲಿ. ಟೀ ಸೊಪ್ಪು ಕೊಯ್ಯುವುದನ್ನು ಮುಂದೂಡುವಂತಿಲ್ಲ. ಫ್ಯಾಕ್ಟರಿಯ ಲಾರಿ ಆ ಬದಿಗೆ ಬರುವ ದಿನ ಗೊತ್ತುಮಾಡಿದ್ದು, ಬಲಿತ ಎಲೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಇಬ್ಬರೂ ಅದೇ ದಿನ, ಅದೇ ಹೊತ್ತಿಗೆ ತೋಟದಲ್ಲಿರಬೇಕು.

ಬೇರೆ ತೋಟಗಳಿಂದ ಹೆಂಗಸರ ಮಾತು, ನಗೆ, ಬೈಗುಳ ಅಲೆಅಲೆಯಾಗಿ ಬರುತ್ತಿತ್ತು. ನಮ್ಮ ಇಳಿಜಾರಿನಲ್ಲಿ ಮಾತ್ರ ಎಲೆ ಮುರಿಯುವ ಸದ್ದು. ಸ್ವಲ್ಪ ಹೊತ್ತಿನಲ್ಲೇ ನನಗೆ ತಿಳಿಯಿತು: ಈ ಇಬ್ಬರು ಮಾತು ಬಿಟ್ಟವರು. ಇಂಥ ಓರಗಿತ್ತಿಯರನ್ನು, ನಮ್ಮ ಕಡೆ ನೆಗೆಣ್ಣಿಯರು ಅನ್ನುತ್ತೇವೆ, ನಾನು ಬೇಕಾದಷ್ಟು ಕಂಡಿದ್ದೇನೆ. ಗದಗಿನಲ್ಲಿ ನೆಗೆಣ್ಣಿಯರು ಮಾತು ಬಿಟ್ಟರೆ ಹೆಚ್ಚೆಂದರೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತದೆ. ಇಲ್ಲಿ ಕೆಳಗಡೆ ಕರಡಿ ಕಿವಿಗೊಟ್ಟು ಕೂತಿತ್ತು.

"ಮಾತಾಡಬೇಕು ಅಂತ ಇಬ್ಬರಿಗೂ ಗೊತ್ತಿಲ್ಲವಾ?" ಎಂದು ಹಾಲಣ್ಣನವರನ್ನು ಕೇಳಿದೆ. ಮಾದಿಯಮ್ಮ ಹಸುವಿನ ಹತ್ತಿರ ಹೋಗಿದ್ದರು.

"ಗೊತ್ತು. ಹುಟ್ಟಿದ ಕೂಸಿಗೂ ಇಲ್ಲಿ ಅದು ಗೊತ್ತು." ದನಿ ತಗ್ಗಿಸಿದರು. "ಎನ್ನ ಅವ್ವೆ ಊಟಿ ಆಸ್ಪತ್ರೆಯಲ್ಲಿ ಇದ್ದರು. ಇವಳೇ ಜೊತೆಗ ಇದ್ದು ನೋಡಿದಳು. ಊಟ ಇಲ್ಲೆ, ನಿದ್ದೆ ಇಲ್ಲೆ. ಒಂದು ದಿನ ಗಂಗೆ ಬಂದು, ಅಕ್ಕ, ನೀ ಮನೆಗ ಹೋಗಿ ಬಾ, ನಾ ಇದ್ದೇನೆ ಅಂತ ಕಳಿಸಿದಳು. ಇವಳು ಬಂದು, ಗಂಜಿ ಕಾಸಿ, ಕ್ಯಾನಿಗ ತುಂಬಿಕೊಂಡು ವಾಪಸ್ ಹೊರಟಳು. ಮಂಜೂರಿನಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ಹೇಳಿದ, ಅಮ್ಮ, ನಿಮ್ಮ ಮಾಮಿ ಹೋದರಂತೆ ಅಂತ. ಇಡೀ ಬಸ್ಸಿನ ಮುಂದೆ."

ಅತ್ತೆಯನ್ನು ಅವರು ಮಾಮಿ ಎನ್ನುತ್ತಾರೆ.

"ಗಂಗೆ ಫೋನ್ ಮಾಡಲಿಲ್ಲವಾ?"

"ಮಾಡಿದೆ ಅನ್ನುವಳು. ದಾರಿಯಲ್ಲಿ ಟವರ್ ಎಲ್ಲಿ ಉಂಟು? ಆದರೆ ಕಂಡಕ್ಟರನಿಗ ಸುದ್ದಿ ಹೋಯಿತು, ಇವಳಿಗ ಹೋಗಲಿಲ್ಲೆ. ಅವತ್ತು ಗಂಜಿ ಕ್ಯಾನು ಕೆಳಗ ಇಟ್ಟವಳು ಬಾಯಿಯನ್ನೂ ಮುಚ್ಚಿದಳು." ಹಾಲಣ್ಣ ಆ ಮನೆಯ ಗೋಡೆಯತ್ತ ನೋಡಿದರು. "ಎನಗ ಕರಡಿಗಿಂತ ಇದೇ ಅಂಜಿಕೆ. ಒಂದು ದಿನ ಇವರಿಬ್ಬರ ಮೌನಕ್ಕ ಒಬ್ಬರು ಹೋಗುವರು."

ಅಂದಿನಿಂದ ನಾನೇ ಬಾಯಿಯಾದೆ. ಸೋಫಿ ಮೇಡಂ ಒಪ್ಪಿದರು; ಇದೂ ಕೆಲಸವೇ ಅಂದರು. ಎರಡು ತೋಟಗಳ ನಡುವಿನ ದಾರಿಯಲ್ಲಿ ನಿಂತು ಬಾಯಿಗೆ ಬಂದದ್ದನ್ನೆಲ್ಲ ಕೂಗುತ್ತಿದ್ದೆ. ಹದಿಮೂರರ ಮಗ್ಗಿ. ಗದಗಿನಿಂದ ಹುಬ್ಬಳ್ಳಿಯವರೆಗಿನ ಬಸ್ ನಿಲ್ದಾಣಗಳು. ಎಣ್ಣೆಗಾಯಿ ಮಾಡುವ ಬಗೆ. ಹೆದರಿದಾಗ ಅಂಟಿಕೊಳ್ಳುವ ಬಾಯಿಯನ್ನು ಹೀಗೆ ಬಿಡಿಸಿ ಬಿಡಿಸಿ ಮಾತಾಡುವುದು ಎಂಥ ಹಿಂಸೆ ಎಂದು ಹೇಳಿದರೆ ತಿಳಿಯದು. ಕೆಳಗಿನ ಪೊದೆಯಲ್ಲಿ ಒಂದು ಟೊಂಗೆ ಅಲುಗಿದರೂ ಅಣ್ಣಿಗೇರಿಯ ಮುಂದಿನ ಊರು ಮರೆತುಹೋಗುತ್ತಿತ್ತು.

ಅವರೂ ನನ್ನನ್ನು ಬಳಸತೊಡಗಿದರು. "ಕೂಸೆ, ಕೆಳಗ ಇರುವವರಿಗ ಹೇಳು, ಲಾರಿ ಬೇಗ ಬರುವದಂತೆ," ಎನ್ನುವರು ಮಾದಿಯಮ್ಮ. ಗಂಗೆ ಹತ್ತು ಹೆಜ್ಜೆ ದೂರದಲ್ಲಿ ಇದನ್ನು ಕೇಳಿಸಿಕೊಂಡೇ ಇರುವರು. ಆದರೂ ನಾನು ತಿರುಗಿ ಹೇಳುವವರೆಗೆ ಕಾಯುವರು. "ಮೇಲಿನವರಿಗ ಹೇಳು, ಗೊತ್ತು ಅಂತ." ನಾನು ಗೊತ್ತಂತೆ ಎಂದು ಮೇಲಕ್ಕೆ ಒಪ್ಪಿಸುವೆ. ನಮ್ಮೂರಲ್ಲಿ ಇಂಥ ಹೊತ್ತಿನಲ್ಲಿ ನಾಯಿಗೋ ಕಂಬಕ್ಕೋ ಹೇಳಿದಂತೆ ಹೇಳಿ ಮುಗಿಸುತ್ತಾರೆ. ಇವರು ಅಷ್ಟನ್ನೂ ಬಿಟ್ಟುಕೊಡುತ್ತಿರಲಿಲ್ಲ.

ಮಂಜಿನ ದಿನ

ಥಂಡಿಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಕೂತುಹೋಯಿತು. ಒಂದು ಬೆಳಿಗ್ಗೆ ಏಳುವಾಗ ಬರೀ ಗಾಳಿ ಬರುತ್ತಿತ್ತು. ಮಾದಿಯಮ್ಮ ಮೆಣಸಿನ ಕಷಾಯ ಕೊಟ್ಟು, ಮನೆಯಲ್ಲೇ ಇರು ಎಂದರು. ಅವರಿಬ್ಬರನ್ನು ಆ ಮೌನದಲ್ಲಿ ಬಿಟ್ಟು ಇರಲು ನನಗೆ ಇನ್ನೂ ಹೆಚ್ಚು ಭಯ. ಒಂದು ಸ್ಟೀಲ್ ತಟ್ಟೆ, ಸೌಟು ತೆಗೆದುಕೊಂಡು ಹೋದೆ.

ಮಂಜು ಬಂದು ಹೋಗುತ್ತಿತ್ತು. ಮಾದಿಯಮ್ಮ ಪ್ಲಾಸ್ಟಿಕ್ ಹಾಳೆಯನ್ನು ತಲೆಯಿಂದ ಹೊದ್ದು, ನಮಗೆ ಬೆನ್ನು ಹಾಕಿ, ಮೇಲ್ಮುಖವಾಗಿ ಕೊಯ್ಯುತ್ತಿದ್ದರು. ನಾನು ತಟ್ಟೆ ಬಡಿಯುತ್ತಲೇ ಇದ್ದೆ. ಗಂಗೆಯವರ ಚೀಲ ತುಂಬಿತು, ಬಾಯಿ ಹಿಡಿದುಕೊ, ಹಗ್ಗ ಬಿಗಿಯುತ್ತೇನೆ ಎಂದರು. ತಟ್ಟೆಯನ್ನು ದಾರಿಯಲ್ಲಿಟ್ಟು ಅವರ ಬಳಿಗೆ ಇಳಿದೆ.

ಚೀಲದ ಬಾಯಿ ಹಿಡಿದು ತಲೆ ಎತ್ತಿದಾಗ ಮಂಜು ಸ್ವಲ್ಪ ಸರಿದಿತ್ತು. ನಮಗೂ ಮಾದಿಯಮ್ಮನಿಗೂ ನಡುವೆ, ನನ್ನ ತಟ್ಟೆ ಬಿದ್ದಿದ್ದ ದಾರಿಯಲ್ಲೇ, ಕಪ್ಪಗೆ ಒಂದು ಗುಡ್ಡೆ ನಡೆದುಕೊಂಡು ಹೋಗುತ್ತಿತ್ತು. ಅದರ ಬೆನ್ನ ಮೇಲೆ ಇನ್ನೊಂದು ಸಣ್ಣ ಗುಡ್ಡೆ. ಮೂತಿ ನೆಲಕ್ಕೆ ಹಚ್ಚಿ, ಫೂ ಫೂ ಎಂದು ಮಣ್ಣು ಊದುತ್ತಾ, ಅವಸರವೇ ಇಲ್ಲದೆ ದಾರಿ ಬಿಟ್ಟು ಮಾದಿಯಮ್ಮನ ಸಾಲಿಗೆ ತಿರುಗಿತು.

ನನ್ನ ಬಾಯಿ ತೆರೆಯಿತು. ಏನೂ ಬರಲಿಲ್ಲ. ಗಂಗೆ ನನ್ನ ಕಣ್ಣು ಹೋದ ಕಡೆ ನೋಡಿದರು.

"ಅಕ್ಕಾ," ಎಂದು ಕೂಗಿದರು.

ಅದು ಕೇಳಿಸಿತು. ಕೇಳಿಸಿದ್ದನ್ನು ನಾನು ಕಂಡೆ: ಮಾದಿಯಮ್ಮನ ಕೈ ಗಿಡದ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಎಲೆ ಮುರಿಯತೊಡಗಿತು. ಅವರು ತಿರುಗಲಿಲ್ಲ.

"ಅಕ್ಕಾ, ಹಿಂದೆ ನೋಡು. ಕರಡಿ."

ಕೈ ಇನ್ನೂ ವೇಗವಾಯಿತು, ಅಷ್ಟೇ. ಆ ದನಿಗೆ ತಿರುಗಬಾರದೆಂದು ವರ್ಷಗಳಿಂದ ಕಲಿತ ಕತ್ತು ಅದು. ಆ ದನಿ ಏನು ಹೇಳುತ್ತಿದೆ ಎಂಬುದು ಹಾಳೆಯೊಳಗಿನ ಕಿವಿಗೆ ಇಳಿಯಲೇ ಇಲ್ಲ. ಕರಡಿಗೆ ಮಾತ್ರ ಇಳಿಯಿತು. ಅದು ನಿಂತಿತು, ಮೂತಿ ಎತ್ತಿತು. ಮಾದಿಯಮ್ಮನಿಗೂ ಅದಕ್ಕೂ ನಡುವೆ ಎರಡು ಗಿಡಗಳಿದ್ದಿರಬೇಕು. ಮರಿ ಬೆನ್ನ ಕೂದಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು. ತಾಯಿ ಹಿಂಗಾಲ ಮೇಲೆ ಏಳತೊಡಗಿತು. ನನಗೆ ಪಕ್ಕದ ಹಟ್ಟಿಯಲ್ಲಿ ಗೋಡೆಯತ್ತ ತಿರುಗಿ ಟೀ ಕುಡಿದ ಮುಖ ಕಂಡಿತು, ಬೇರೇನೂ ಕಾಣಲಿಲ್ಲ.

ಗಂಗೆ ಚೀಲ ಬಿಟ್ಟು ಎದ್ದು ನಿಂತರು. ಎಲೆಯೆಲ್ಲ ನನ್ನ ಕಾಲ ಮೇಲೆ ಸುರಿಯಿತು. ಅವರು ಎರಡೂ ಕೈ ಬಾಯಿಗೆ ಹಿಡಿದು ಕೂಗಿದ್ದು ಕರಡಿಯ ಮಾತಲ್ಲ.

"ಮಾಮಿ ನಿನ್ನ ಕೇಳಲೇ ಇಲ್ಲೆ! ಸಾಯುವಾಗ ಒಂದು ಸರ್ತಿಯೂ ನಿನ್ನ ಹೆಸರು ಎತ್ತಲಿಲ್ಲೆ!"

ಮಾದಿಯಮ್ಮ ತಿರುಗಿದರು. ಹಾಳೆ ತಲೆಯಿಂದ ಜಾರಿತು. ಅವರ ಮುಖ ನೋಡಿ ನನಗೆ ಕರಡಿಗಿಂತ ಹೆಚ್ಚು ಹೆದರಿಕೆಯಾಯಿತು. ಅವರು ಕಂಡದ್ದು ಗಂಗೆಯನ್ನು ಮಾತ್ರ.

"ಸುಳ್ಳಿ," ಎಂದರು, ಆಮೇಲೆ ಇಳಿಜಾರೇ ನಡುಗುವಂತೆ, "ಸುಳ್ಳಿ! ನೀ ಎನ್ನ ಕಳಿಸಿದವಳು! ನೀನೇ ಕಳಿಸಿದವಳು!"

"ಕಳಿಸಿದೆ! ನಿನ್ನ ಮುಖ ನೋಡಲಾರದೆ ಕಳಿಸಿದೆ!"

ನಡುವೆ ನಿಂತಿದ್ದ ಕರಡಿ ಒಮ್ಮೆ ಮೇಲೆ ನೋಡಿತು, ಒಮ್ಮೆ ಕೆಳಗೆ. ಗೊರಗೊರ ಎಂದು ಮಾದಿಯಮ್ಮನ ಕಡೆ ನಾಲ್ಕು ಹೆಜ್ಜೆ ನುಗ್ಗಿತು. ಆಗ ಅವರು ಅದನ್ನು ಕಂಡರು. ಕಂಡರೂ ಬಾಯಿ ನಿಲ್ಲಲಿಲ್ಲ. ಅದೇ ಬೈಗುಳವನ್ನು ಅದರ ಮುಖದ ಮೇಲೆಯೇ ಬೈದರು. ಮರಿ ಜಾರಿ ಕೆಳಗೆ ಬಿತ್ತು, ಕುಂಯ್ ಎಂದಿತು. ತಾಯಿ ಗಕ್ಕನೆ ತಿರುಗಿತು, ಮರಿ ಹತ್ತಿಕೊಂಡಿತು, ಎರಡೂ ಒಂದೇ ಗುಡ್ಡೆಯಾಗಿ ಅಡ್ಡಕ್ಕೆ ಓಡಿ ಪೊದೆಯೊಳಗೆ ಸೇರಿಹೋದವು. ಟೊಂಗೆ ಮುರಿಯುವ ಸದ್ದು ಕೆಳಕ್ಕೆ ಕೆಳಕ್ಕೆ ಹೋಗಿ ನಿಂತಿತು.

ಮಾದಿಯಮ್ಮ ನಿಂತಲ್ಲೇ ಕುಸಿದು ಕುಳಿತರು, ಅವರ ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ಗಂಗೆ ಅವರ ಹತ್ತಿರ ಹೋಗಲಿಲ್ಲ. ನಾನು ದಾರಿಯ ಪಕ್ಕದಲ್ಲಿ ವಾಂತಿ ಮಾಡಿಕೊಂಡೆ.

ಮರುದಿನ

ಅಂದು ಸಂಜೆ ಫೋನಿನಲ್ಲಿ ಅವ್ವ ನನ್ನ ದನಿಯಿಲ್ಲದ ದನಿ ಕೇಳಿಯೇ, "ಸಾಕವಾ, ಬಂದ್ಬಿಡು. ಅವರ ರೊಕ್ಕಾನೂ ಬ್ಯಾಡ, ಅವರ ಕರಡೀನೂ ಬ್ಯಾಡ," ಎಂದಳು. ನಾನು ಚೀಲ ತುಂಬಿಕೊಂಡೆ. ಮಾದಿಯಮ್ಮ ಊಟ ಮಾಡಲಿಲ್ಲ. ಒಲೆಯ ಮುಂದೆ ಕುಳಿತು ಬೆಂಕಿಯನ್ನೇ ನೋಡುತ್ತಿದ್ದರು. ಗೋಡೆಯಾಚೆ ಗಂಗೆಯವರ ಮನೆಯಲ್ಲೂ ಪಾತ್ರೆಯ ಸದ್ದಿರಲಿಲ್ಲ.

ಬೆಳಿಗ್ಗೆ ಬಸ್ಸಿಗೆ ಹೋಗುವುದೆಂದೇ ನಿರ್ಧರಿಸಿದ್ದೆ. ಆದರೆ ಮಾದಿಯಮ್ಮ ಚೀಲ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೊರಟರು. ಹಿಂದಿನ ದಿನ ಲಾರಿ ಬಂದಿರಲಿಲ್ಲ, ಇವತ್ತು ಬರುತ್ತದೆ, ಉಳಿದ ಸೊಪ್ಪು ಕಾಯುವುದಿಲ್ಲ. ಪಕ್ಕದ ಬಾಗಿಲಿನಿಂದ ಗಂಗೆಯೂ ಹೊರಟರು. ಒಬ್ಬರ ಹಿಂದೆ ಒಬ್ಬರು, ನಡುವೆ ಅದೇ ದೂರ. ನನಗೆ ಅಳು ಬಂತು. ನಿನ್ನೆಯದು ಆದಮೇಲೂ ಇವರು ಸುಮ್ಮನಿದ್ದರೆ, ಇನ್ನು ನಾನು ಊರಲ್ಲಿ ಕುಳಿತು ಯಾವ ದಿನ ಯಾವ ಸುದ್ದಿ ಬರುತ್ತದೋ ಎಂದು ಕಾಯಬೇಕು. ಚೀಲವನ್ನು ಜಗುಲಿಯ ಮೇಲಿಟ್ಟು ಅವರ ಹಿಂದೆ ನಡೆದೆ.

ಮಂಜಿರಲಿಲ್ಲ. ಕೆಳಗಿನ ಪೊದೆ ಸ್ಪಷ್ಟವಾಗಿ ಕಾಣುತ್ತಿತ್ತು, ಅದೇ ಇನ್ನೂ ಭಯ. ಅವರು ತಮ್ಮ ತಮ್ಮ ಸಾಲಿಗೆ ಇಳಿದರು. ಎಲೆ ಮುರಿಯುವ ಸದ್ದು ಶುರುವಾಯಿತು. ನಾನು ದಾರಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡೆ. ಹದಿಮೂರೊಂದ್ಲೆ ಎನ್ನುವಷ್ಟೂ ಬರಲಿಲ್ಲ.

"ನಿನ್ನೆ ಹೇಳಿದ್ದು," ಎಂದರು ಮಾದಿಯಮ್ಮ.

ನನಗೆ ಹೇಳುತ್ತಿದ್ದಾರೆಂದು ತಿರುಗಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಕೈ ಕೆಲಸ ಮಾಡುತ್ತಲೇ ಇತ್ತು.

"ನಿನ್ನೆ ಹೇಳಿದ್ದು ನಿಜವಾ?"

ಕೆಳಗಿನ ಸಾಲಿನಲ್ಲಿ ಗಂಗೆಯ ಕೈ ನಿಂತಿತು. ನಾನು ಕೇಳಿ ಒಪ್ಪಿಸಬೇಕೆಂದು ಕಾಯುತ್ತಾರೋ ಎಂದು ನೋಡಿದೆ. ಕಾಯಲಿಲ್ಲ.

"ಸುಳ್ಳು," ಎಂದರು. "ನೀ ತಿರುಗಬೇಕು ಅಂತ ಹೇಳಿದೆ."

ಮಾದಿಯಮ್ಮ ಇನ್ನೊಂದು ಹಿಡಿ ಎಲೆಯನ್ನು ಚೀಲಕ್ಕೆ ಹಾಕಿದರು.

"ಮತ್ತೆ ನಿಜ ಏನು?"

"ಕೇಳಿದರು. ನೀ ಹೋದ ಮೇಲೆ ಒಂದೇ ಸರ್ತಿ ಕಣ್ಣು ಬಿಟ್ಟರು. ಮಾದಿ ಉಂಡಳಾ ಅಂತ ಕೇಳಿದರು. ಉಂಡಳು ಮಾಮಿ, ಅಂದೆ. ಸರಿ, ಅಂದರು." ಗಂಗೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಇದ ಹೇಳಬೇಕು ಅಂತಲೇ ಅವತ್ತಿನಿಂದ ನಿನ್ನ ಬಾಗಿಲಿಗ ಬಂದೆ. ನೀ ತೆಗೆಯಲಿಲ್ಲೆ."

ಮಾದಿಯಮ್ಮನ ಕೈಯಲ್ಲಿದ್ದ ಎಲೆ ಚೀಲಕ್ಕೆ ಹೋಗಲಿಲ್ಲ. "ಉಂಡಿರಲಿಲ್ಲೆ," ಎಂದರು. "ಗಂಜಿ ಕಾಸಿದೆ. ಎನಗ ಉಣ್ಣಲು ಹೊತ್ತಿರಲಿಲ್ಲೆ."

"ಗೊತ್ತು ಅಕ್ಕ."

ಕೆಳಗೆ, ಕೈಬಿಟ್ಟ ತೋಟದ ಕತ್ತಲಲ್ಲಿ, ಒಂದು ಟೊಂಗೆ ಅಲುಗಿತು. ಇಬ್ಬರೂ ಅದನ್ನು ಕೇಳಿದರು, ಇಬ್ಬರೂ ಅತ್ತ ನೋಡಿದರು. ಮಾದಿಯಮ್ಮ ತಲೆಯ ಮೇಲಿನ ಹಾಳೆಯನ್ನು ಹಿಂದಕ್ಕೆ ಸರಿಸಿ, ಗಂಗೆಯ ಕಡೆಗೆ ಪೂರ್ತಿ ತಿರುಗಿ ನಿಂತರು.

"ಇನ್ನೊಂದು ಸರ್ತಿ ಹೇಳು," ಎಂದರು. "ಜೋರಾಗಿ ಹೇಳು."

ಗಂಗೆ ಇಳಿಜಾರಿಗೆಲ್ಲ ಕೇಳುವಂತೆ ಹೇಳಿದರು: "ಮಾದಿ ಉಂಡಳಾ, ಅಂತ ಕೇಳಿದರು."